ಸಾಲ ಕೊಟ್ಟವರಿಗೇ ದಂಡ

ಬ್ಯಾಂಕಿನ ಖರ್ಚು ಉಳಿಸುವುದು ಹೇಗೆ ಎಂದು ಬುದ್ಧಿ ಹೇಳುವವರಿಗೆ ಈಗ ಸುಗ್ಗಿಕಾಲ. ಮಿನಿಮಮ್ ಬ್ಯಾಲೆನ್ಸ್ ಮೇಲೆ ಕಣ್ಣಿಡಿ, ಬೇರೆ ಬ್ಯಾಂಕಿನ ಎಟಿಎಂ ಕಡೆ ತಲೆ ಹಾಕಬೇಡಿ, ಪಾಸ್‌ಬುಕ್ ಎಂಟ್ರಿ ಹಾಕಿಸಿ ಎಸ್‌ಎಂಎಸ್ ಚಾರ್ಜು ಎಷ್ಟು ಹೋಗಿದೆ ನೋಡಿ, ಬೇಡದ ಖಾತೆ ಮುಚ್ಚಿಸಿ, ಸಹಿ ಹಾಕುವ ಮುಂಚೆ ಷರತ್ತನ್ನೆಲ್ಲ ಓದಿ. ಇಷ್ಟೂ ಮಾಡಿದರೆ ನೀವು ಜಾಣ ಗ್ರಾಹಕರು. ಮಾಡದೆ ದುಡ್ಡು ಕಟ್ ಆಯಿತೋ, ನಿಮಗೆ ಹಣಕಾಸಿನ ಶಿಸ್ತಿಲ್ಲ. ಜೇಬಿಗೆ ಕೈ ಹಾಕಿದವನನ್ನು ಬಿಟ್ಟು ಜೇಬು ಇಟ್ಟುಕೊಂಡವನಿಗೆ ಪಾಠ ಮಾಡುವ ಈ ಉಪದೇಶ ಕೇಳಿ ಕೇಳಿ ಸಾಕಾಗಿದೆ.

ಶಿಸ್ತಂತೆ! ಉಳಿತಾಯ ಖಾತೆಯಲ್ಲಿ ನಾವು ಇಡುವ ದುಡ್ಡು ಬ್ಯಾಂಕಿಗೆ ನಾವು ಕೊಡುವ ಸಾಲ. ಬ್ಯಾಂಕಿನ ಆಢಾವೆ ಪತ್ರಿಕೆ ತೆರೆದು ನೋಡಿ, ಠೇವಣಿಗಳೆಲ್ಲ ಅದು ತೀರಿಸಬೇಕಾದ ಹೊಣೆಯ ಕಡೆಯಲ್ಲೇ ಕೂತಿರುತ್ತವೆ. ಆ ದುಡ್ಡನ್ನು ಮನೆ ಸಾಲ, ವಾಹನ ಸಾಲ, ಒಡವೆ ಸಾಲ ಎಂದು ಎಂಟಕ್ಕೋ ಹತ್ತಕ್ಕೋ ತಿರುಗಿಸಿ ಬ್ಯಾಂಕು ಬದುಕುತ್ತದೆ. ನಮಗೆ ಕೊಡುವುದೆಷ್ಟು? 2011ರ ಅಕ್ಟೋಬರಿನಲ್ಲಿ ಉಳಿತಾಯ ಖಾತೆಯ ಬಡ್ಡಿಯನ್ನು ಬ್ಯಾಂಕುಗಳ ವಿವೇಚನೆಗೆ ಬಿಟ್ಟಾಗ, ಪೈಪೋಟಿಯಲ್ಲಿ ಬಡ್ಡಿ ಏರುತ್ತದೆ, ಗ್ರಾಹಕನಿಗೆ ಹಬ್ಬ ಎಂದಿದ್ದರು. ಆಗ ಶೇ 4 ಇತ್ತು. 2025ರ ಜೂನ್ ಹೊತ್ತಿಗೆ ಎಸ್‌ಬಿಐನಲ್ಲಿ ಅದು ಶೇ 2.5. ಇಷ್ಟು ಅಗ್ಗಕ್ಕೆ ಸಾಲ ಕೊಡುತ್ತಿರುವ ನಮಗೆ ಬ್ಯಾಂಕು ಕೃತಜ್ಞವಾಗಿರಬೇಕಿತ್ತು. ಅದರ ಬದಲು, ನೀನು ಕೊಟ್ಟ ಸಾಲ ಸಾಲದು ಎಂದು ದಂಡ ಹಾಕುತ್ತದೆ.

2025ರ ಆಗಸ್ಟಿನಲ್ಲಿ ಐಸಿಐಸಿಐ ಬ್ಯಾಂಕ್ ಎಬ್ಬಿಸಿದ ಗದ್ದಲ ಇನ್ನೂ ಯಾರೂ ಮರೆತಿಲ್ಲ. ಹೊಸದಾಗಿ ಖಾತೆ ತೆರೆಯುವ ನಗರವಾಸಿ ತಿಂಗಳಿಗೆ ಸರಾಸರಿ 50,000 ರೂಪಾಯಿ ಇಟ್ಟಿರಬೇಕು ಎಂದಿತು ಆ ಬ್ಯಾಂಕು. ಅಲ್ಲಿಯವರೆಗೆ ಇದ್ದದ್ದು 10,000. ಹಳ್ಳಿಯವರಿಗೆ 2,500 ಇದ್ದದ್ದು 10,000 ಆಯಿತು. ಊರೆಲ್ಲ ಉಗಿದ ಮೇಲೆ ಕೆಲವೇ ದಿನಗಳಲ್ಲಿ ಇಳಿಸಿತು. ಬ್ಯಾಂಕು ಜನರಿಗೆ ಮಣಿಯಿತು ಎಂದು ಬೆನ್ನು ತಟ್ಟಿಕೊಂಡವರು, ಅದು ಇಳಿದು ನಿಂತದ್ದೆಲ್ಲಿ ಎಂದು ನೋಡಿದರೇ? ನಗರದವರಿಗೆ 15,000. ಐವತ್ತು ಎಂದು ಹೆದರಿಸಿ, ಹತ್ತನ್ನು ಹದಿನೈದು ಮಾಡಿಕೊಂಡು, ಮೇಲೆ ಚಪ್ಪಾಳೆಯನ್ನೂ ಗಿಟ್ಟಿಸಿದರು. ಚಿಕ್ಕಪೇಟೆಯ ಸೀರೆ ಅಂಗಡಿಯವರೂ ಇಷ್ಟು ಚೆನ್ನಾಗಿ ಚೌಕಾಸಿ ಮಾಡಲಾರರು.

ಅದೇ ಪಟ್ಟಿಯಲ್ಲಿ ದಂಡದ ದರವೂ ಇತ್ತು. ಕಡಿಮೆ ಬಿದ್ದ ಮೊತ್ತದ ಶೇ 6 ಅಥವಾ 500 ರೂಪಾಯಿ, ಯಾವುದು ಕಡಿಮೆಯೋ ಅದು. ‘ಯಾವುದು ಕಡಿಮೆಯೋ ಅದು’ ಎಂಬಲ್ಲಿ ಎಷ್ಟು ಕರುಣೆ ನೋಡಿ! ಆದರೆ ಆ ಶೇ 6 ವರ್ಷಕ್ಕಲ್ಲ, ತಿಂಗಳಿಗೆ. ನಿಮ್ಮ ಖಾತೆಯಲ್ಲಿ 5,000 ರೂಪಾಯಿ ಕೊರತೆ ಬಿದ್ದರೆ ತಿಂಗಳಿಗೆ 300, ಅದಕ್ಕೆ ಶೇ 18 ಜಿಎಸ್‌ಟಿ. ವರ್ಷವಿಡೀ ಹಾಗೇ ನಡೆದರೆ 4,248 ರೂಪಾಯಿ. ಮೈಕ್ರೋಫೈನಾನ್ಸಿನವರ ಕಿರುಕುಳ ತಾಳಲಾರದೆ ಜನ ಊರು ಬಿಡತೊಡಗಿದಾಗ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಮೀಟರ್ ಬಡ್ಡಿಯವರನ್ನು ಮಟ್ಟ ಹಾಕುತ್ತೇವೆ ಎಂದಿತು. ಒಳ್ಳೆಯದೇ. ಆದರೆ ಮೀಟರ್ ಬಡ್ಡಿಯವನು ಕೂಡ ತಾನು ಕೊಟ್ಟ ದುಡ್ಡಿಗೆ ಬಡ್ಡಿ ಕೇಳುತ್ತಾನೆ. ನೀವು ಕೊಡದೇ ಇದ್ದ ದುಡ್ಡಿಗೆ ವರ್ಷಕ್ಕೆ ಶೇ 72 ಕೇಳುವ ಧೈರ್ಯ ಅವನಿಗೂ ಬಂದಿಲ್ಲ.

ಸರಾಸರಿ ಎಂಬ ಮಾಯೆಯನ್ನೂ ನೋಡಿಬಿಡಿ. ಪ್ರತಿದಿನ ರಾತ್ರಿ ಖಾತೆಯಲ್ಲಿ ಉಳಿದದ್ದನ್ನೆಲ್ಲ ಕೂಡಿಸಿ ತಿಂಗಳ ದಿನಗಳಿಂದ ಭಾಗಿಸುತ್ತಾರೆ. ಮಿತಿ 10,000 ಎಂದಿಟ್ಟುಕೊಳ್ಳಿ. ಉಳ್ಳವನು ಒಂದು ಲಕ್ಷವನ್ನು ಮೂರೇ ದಿನ ಇಟ್ಟು ತೆಗೆದು, ಉಳಿದ ಇಪ್ಪತ್ತೇಳು ದಿನ ಖಾತೆ ಖಾಲಿ ಬಿಟ್ಟರೂ ಪಾಸ್. ಹೊಟ್ಟೆ ಬಟ್ಟೆ ಕಟ್ಟಿ ತಿಂಗಳಿಡೀ 9,000 ರೂಪಾಯಿಯನ್ನು ಮುಟ್ಟದೆ ಇಟ್ಟವನು ಫೇಲ್. ಇವರಿಬ್ಬರಲ್ಲಿ ಶಿಸ್ತು ಯಾರಿಗಿದೆ ಎಂದು ಉಪದೇಶಕರೇ ಹೇಳಲಿ.

ಖಾತೆ ನಡೆಸುವುದಕ್ಕೆ ಖರ್ಚಿಲ್ಲವೇ, ಶಾಖೆಯ ಬಾಡಿಗೆ, ಸಿಬ್ಬಂದಿ ಸಂಬಳ ಯಾರು ಕೊಡುತ್ತಾರೆ ಎಂದು ಕೆಲವರು ವಕಾಲತ್ತು ವಹಿಸುತ್ತಾರೆ. ಅವರಿಗೆ ಉತ್ತರ ಎಸ್‌ಬಿಐ ಬಳಿಯೇ ಇದೆ. 2017ರ ಏಪ್ರಿಲ್ 1ರಿಂದ ಅದು ಮಿನಿಮಮ್ ಬ್ಯಾಲೆನ್ಸ್ ದಂಡ ಶುರು ಮಾಡಿತು. ಮಹಾನಗರದವರಿಗೆ 5,000 ರೂಪಾಯಿಯ ಮಿತಿ. ಆ ನವೆಂಬರ್‌ವರೆಗೆ ಎಂಟೇ ತಿಂಗಳಲ್ಲಿ ಹಿಂಡಿದ್ದು 1,771 ಕೋಟಿ ರೂಪಾಯಿ. ನಡುವಿನ ಒಂದು ತ್ರೈಮಾಸಿಕದಲ್ಲಿ ಆ ಬ್ಯಾಂಕು ಗಳಿಸಿದ ನಿವ್ವಳ ಲಾಭವೇ 1,581 ಕೋಟಿ! ಬೈಗುಳ ತಡೆಯಲಾರದೆ ಮಿತಿ ಇಳಿಸಿ, ಕೊನೆಗೆ 2020ರ ಮಾರ್ಚಿನಲ್ಲಿ ಎಲ್ಲ ಉಳಿತಾಯ ಖಾತೆಗಳಿಗೂ ಇದನ್ನು ರದ್ದು ಮಾಡಿತು. ಬ್ಯಾಂಕು ಮುಳುಗಿತೇ? 2023-24ರಲ್ಲಿ ಅದರ ಲಾಭ 61,000 ಕೋಟಿ ದಾಟಿತು. ಮರುವರ್ಷ 70,000 ಕೋಟಿ ದಾಟಿತು. ನಲವತ್ತು ಕೋಟಿಗೂ ಹೆಚ್ಚು ಖಾತೆಗಳನ್ನು ಬಡವರಿಂದ ದಂಡ ಕೀಳದೆ ನಡೆಸಬಹುದು ಎಂದು ದೇಶದ ಅತಿದೊಡ್ಡ ಬ್ಯಾಂಕೇ ತೋರಿಸಿದ ಮೇಲೆ ಉಳಿದವರ ಖರ್ಚಿನ ರಾಗಕ್ಕೆ ಯಾರು ತಾಳ ಹಾಕಬೇಕು?

ಆದರೂ ರಾಗ ನಿಲ್ಲಲಿಲ್ಲ. 2019-20ರಿಂದ 2023-24ರವರೆಗಿನ ಐದು ವರ್ಷದಲ್ಲಿ ಸರ್ಕಾರಿ ಬ್ಯಾಂಕುಗಳು ಈ ದಂಡದಿಂದ ಎತ್ತಿದ್ದು ಸುಮಾರು 8,500 ಕೋಟಿ ರೂಪಾಯಿ. ಖಾಸಗಿಯವರದು ಇದರಲ್ಲಿಲ್ಲ. ಲೆಕ್ಕ ಕೊಟ್ಟದ್ದು ಲೋಕಸಭೆಯಲ್ಲಿ ಸರ್ಕಾರವೇ. 2023-24ರಲ್ಲಿ ಮಾತ್ರ 2,331 ಕೋಟಿ. ಅದೇ ವರ್ಷ ಸರ್ಕಾರಿ ಬ್ಯಾಂಕುಗಳೆಲ್ಲ ಸೇರಿ 1.41 ಲಕ್ಷ ಕೋಟಿ ಲಾಭ ಮಾಡಿದ್ದವು. ಅಂದರೆ ನೂರು ರೂಪಾಯಿ ಲಾಭದ ಎದುರು ಈ ದಂಡ ಎರಡು ರೂಪಾಯಿಗೂ ಕಡಿಮೆ. ಬ್ಯಾಂಕಿಗೆ ಅದು ಚಿಲ್ಲರೆ. ಆ ಚಿಲ್ಲರೆಯನ್ನು ಯಾರಿಂದ ಕಿತ್ತರು?

ಪೀಣ್ಯದ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಕೇಳಿ. ಕೆಲಸಕ್ಕೆ ಸೇರಿದ ದಿನ ಫ್ಯಾಕ್ಟರಿಯವರೇ ಯಾವುದೋ ಬ್ಯಾಂಕಿನಲ್ಲಿ ಸಂಬಳದ ಖಾತೆ ಮಾಡಿಸುತ್ತಾರೆ. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ. ವರ್ಷ ಎರಡು ವರ್ಷಕ್ಕೆ ಫ್ಯಾಕ್ಟರಿ ಬದಲಾಗುತ್ತದೆ. ಹೊಸಬರು ಅವರಿಗೆ ಬೇಕಾದ ಬ್ಯಾಂಕಿನಲ್ಲಿ ಮತ್ತೊಂದು ಖಾತೆ ತೆರೆಸುತ್ತಾರೆ. ಹಳೆಯ ಖಾತೆಗೆ ಮೂರು ತಿಂಗಳು ಸಂಬಳ ಬೀಳದಿದ್ದರೆ ಅದು ಸದ್ದಿಲ್ಲದೆ ಮಾಮೂಲಿ ಉಳಿತಾಯ ಖಾತೆಯಾಗುತ್ತದೆ, ಮಿನಿಮಮ್ ಬ್ಯಾಲೆನ್ಸ್ ಹತ್ತಿಕೊಳ್ಳುತ್ತದೆ. ಅಲ್ಲಿ ಉಳಿದಿದ್ದ ಏಳೆಂಟುನೂರು ರೂಪಾಯಿ ತಿಂಗಳು ತಿಂಗಳು ಕರಗುತ್ತದೆ. ಖಾತೆ ಮುಚ್ಚಿಸೋಣವೆಂದರೆ ಬ್ಯಾಂಕು ತೆರೆದಿರುವ ಹೊತ್ತಿಗೆ ಆಕೆ ಮಿಷನ್ ಮುಂದಿರುತ್ತಾಳೆ. ರಜೆ ಹಾಕಿದರೆ ಆ ದಿನದ ಕೂಲಿ ಖೋತಾ. ಹದಿಮೂರೋ ಹದಿನಾಲ್ಕೋ ಸಾವಿರದ ಸಂಬಳದಲ್ಲಿ ಮನೆ ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸುವುದು ಎಲ್ಲ ಮುಗಿದ ಮೇಲೆ ತಿಂಗಳಿಡೀ ಐದು ಸಾವಿರ ಮುಟ್ಟದೆ ಇಡು ಎನ್ನುವವರು ಆ ಸಂಬಳದಲ್ಲಿ ಒಂದು ತಿಂಗಳು ಬದುಕಿ ತೋರಿಸಲಿ.

2016ರ ಏಪ್ರಿಲಿನಲ್ಲಿ ಪಿಎಫ್ ದುಡ್ಡು ತೆಗೆಯುವ ನಿಯಮ ಬಿಗಿ ಮಾಡಿದಾಗ ಹೊಸೂರು ರಸ್ತೆ, ತುಮಕೂರು ರಸ್ತೆ ತಡೆದು ಕೇಂದ್ರ ಸರ್ಕಾರವನ್ನೇ ಮಣಿಸಿದವರು ಇದೇ ಹೆಂಗಸರು. ಬ್ಯಾಂಕಿನ ದಂಡಕ್ಕೆ ಅವರು ರಸ್ತೆಗೆ ಇಳಿದಿಲ್ಲ, ಯಾಕೆಂದರೆ ಇದು ಒಬ್ಬೊಬ್ಬರ ಖಾತೆಯಿಂದ ಒಂದೊಂದು ದಿನ, ನೂರು ಇನ್ನೂರು ಎಂದು ಹೋಗುತ್ತದೆ. ಕಟ್ ಆದದ್ದೇ ಎಷ್ಟೋ ತಿಂಗಳ ಮೇಲೆ ಗೊತ್ತಾಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಬ್ಯಾಂಕಿನವರು ಹಳೆಯ ಬಾಕಿಗೆ ಮುರಿದುಕೊಂಡರು ಎಂಬ ದೂರುಗಳು ಬಂದಾಗ ಎಲ್ಲರಿಗೂ ಸಿಟ್ಟು ಬಂತು, ಸರಿಯೇ. ಈ ದಂಡವೂ ಅದೇ ಜಾತಿಯದು. ಇದಕ್ಕೆ ಮಾತ್ರ ಸಿಟ್ಟೇಕೆ ಬರುವುದಿಲ್ಲ?

ಬಡವರಿಗೆ ಜನಧನ ಖಾತೆ ಇದೆಯಲ್ಲ ಎನ್ನುವವರಿಗೂ ಒಂದು ಮಾತು. ಮಿನಿಮಮ್ ಬ್ಯಾಲೆನ್ಸ್ ಬೇಡದ ಮೂಲ ಉಳಿತಾಯ ಖಾತೆ ಯಾರಿಗೆ ಬೇಕಾದರೂ ಸಿಗಬೇಕು ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಕೌಂಟರಿನಲ್ಲಿ ಅದನ್ನು ತಾವಾಗಿ ಬಾಯಿಬಿಟ್ಟು ಹೇಳುವ ಪುಣ್ಯಾತ್ಮರನ್ನು ಹುಡುಕಿ ನೋಡಿ. ಆ ಖಾತೆ ಸಿಕ್ಕವರ ಪಾಡೇನು? ಐಐಟಿ ಬಾಂಬೆಯ ಪ್ರಾಧ್ಯಾಪಕ ಆಶಿಷ್ ದಾಸ್ ಲೆಕ್ಕ ಹಾಕಿ ತೋರಿಸಿದರು: ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ಸಲ ದುಡ್ಡು ತೆಗೆದರೆ ಎಸ್‌ಬಿಐ ಪ್ರತಿ ಸಲಕ್ಕೂ 17 ರೂಪಾಯಿ 70 ಪೈಸೆ ಹಿಡಿಯುತ್ತಿತ್ತು, ಯುಪಿಐಯಲ್ಲಿ ಕಳಿಸಿದರೂ. ಡಿಜಿಟಲ್ ಇಂಡಿಯಾ ಎಂದು ಬ್ಯಾನರ್ ಕಟ್ಟಿ, ಅಂಗಡಿಯಲ್ಲಿ ಐವತ್ತು ರೂಪಾಯಿ ಸ್ಕ್ಯಾನ್ ಮಾಡಿದ ಕೂಲಿಯವನಿಂದ ಹದಿನೇಳೂ ಮುಕ್ಕಾಲು ಕೀಳುವುದು! ಅವರ ಲೆಕ್ಕದಂತೆ ಹೀಗೆ ಹಿಡಿದದ್ದು 254 ಕೋಟಿಗೂ ಹೆಚ್ಚು, ವಾಪಸ್ ಕೊಟ್ಟದ್ದು 90 ಕೋಟಿ.

ಇದನ್ನೆಲ್ಲ ಬರೆಯುವಾಗ ನಮ್ಮ ಹೊಟ್ಟೆ ಉರಿಯುವುದಕ್ಕೆ ಇನ್ನೊಂದು ಕಾರಣವಿದೆ. ಬ್ಯಾಂಕುಗಳ ತೊಟ್ಟಿಲು ಎನಿಸಿಕೊಂಡ ಕರಾವಳಿ ಇರುವ ನಾಡು ಇದು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಲ್ಲ ಹುಟ್ಟಿದ್ದು ಮಂಗಳೂರು, ಉಡುಪಿಯಲ್ಲಿ. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಶುರು ಮಾಡಿದಾಗ ಏಜೆಂಟರು ದಿನಕ್ಕೆ ಎರಡಾಣೆಯಷ್ಟು ಸಣ್ಣ ದುಡ್ಡನ್ನೂ ಮನೆ ಬಾಗಿಲಿಗೆ ಬಂದು ಕಟ್ಟಿಸಿಕೊಂಡು ಹೋಗುತ್ತಿದ್ದರು. ಸಣ್ಣ ದುಡ್ಡಿನಿಂದಲೇ ದೊಡ್ಡ ಬ್ಯಾಂಕು ಕಟ್ಟಬಹುದು ಎಂಬುದು ಆ ಹಿರಿಯರಿಗೆ ಗೊತ್ತಿತ್ತು. ಈಗ ಆ ಸಿಂಡಿಕೇಟೂ ಇಲ್ಲ, ವಿಜಯಾ ಬ್ಯಾಂಕೂ ಇಲ್ಲ, ಕಾರ್ಪೊರೇಷನ್ನೂ ಇಲ್ಲ. 1913ರಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಹೊಟ್ಟೆ ಸೇರಿದ್ದು 2017ರ ಏಪ್ರಿಲ್ 1ರಂದು. ದಂಡ ಶುರುವಾದದ್ದೂ ಅದೇ ದಿನ. ಮೈಸೂರು ಬ್ಯಾಂಕಿನ ಗ್ರಾಹಕರಿಗೆ ವಿಲೀನದ ಉಡುಗೊರೆ ಅದು! ಇನ್ನು ಭಾಷೆ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಎಸ್‌ಬಿಐ ಶಾಖೆಯಲ್ಲಿ ಕನ್ನಡ ಮಾತಾಡುವುದಿಲ್ಲ ಎಂದು ಮ್ಯಾನೇಜರೇ ಗ್ರಾಹಕರ ಮೇಲೆ ರೇಗಿದ್ದನ್ನು ನಾಡೆಲ್ಲ ನೋಡಿತು, ಮುಖ್ಯಮಂತ್ರಿಯೂ ಖಂಡಿಸಿದರು, ವರ್ಗವೂ ಆಯಿತು. ಅಲ್ಲಿಗೆ ಮುಗಿಯಿತೇ? ದುಡ್ಡು ಯಾಕೆ ಕಟ್ ಆಯಿತು ಎಂದು ತಮ್ಮ ಊರಿನಲ್ಲಿ ತಮ್ಮ ಭಾಷೆಯಲ್ಲಿ ಕೇಳಲಾಗದವರಿಗೆ ಷರತ್ತುಗಳನ್ನು ಓದಿಕೊಳ್ಳಿ ಎಂದು ಹೇಳುತ್ತೀರಲ್ಲ, ಯಾವ ಭಾಷೆಯಲ್ಲಿ ಓದಬೇಕು?

ದೊಡ್ಡವರ ಸಾಲದ ಮಾತು ಎತ್ತಿದರೆ ಸಂಬಂಧವಿಲ್ಲ ಎನ್ನುತ್ತಾರೆ. ಎತ್ತಿಯೇ ಎತ್ತುತ್ತೇನೆ. 2024ರ ಮಾರ್ಚ್‌ವರೆಗಿನ ಹತ್ತು ವರ್ಷದಲ್ಲಿ ಬ್ಯಾಂಕುಗಳು ಲೆಕ್ಕದಿಂದ ತೆಗೆದುಹಾಕಿದ ಕೆಟ್ಟ ಸಾಲ 16.35 ಲಕ್ಷ ಕೋಟಿ. ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ ಎಂದು ಹಣಕಾಸು ಸಚಿವಾಲಯ ಪ್ರತಿ ಸಲ ತಿದ್ದುತ್ತದೆ. ಇರಲಿ. ಕೋಟಿಗಟ್ಟಲೆ ಸಾಲಗಾರನಿಗೆ ಅಷ್ಟು ತಾಳ್ಮೆ, ಖಾತೆಯಲ್ಲಿ 900 ರೂಪಾಯಿ ಇಟ್ಟವಳಿಗೆ ತಿಂಗಳ ಕೊನೆಗೇ ಕತ್ತರಿ.

2025ರ ಜೂನ್ 1ರಿಂದ ಕೆನರಾ ಬ್ಯಾಂಕ್ ಎಲ್ಲ ಉಳಿತಾಯ ಖಾತೆಗಳಿಗೂ ದಂಡ ತೆಗೆಯಿತು. ಪಂಜಾಬ್ ನ್ಯಾಷನಲ್, ಇಂಡಿಯನ್ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾ ಹಿಂದೆಯೇ ಬಂದವು. ದೊಡ್ಡ ಮನಸ್ಸು ಎಂದು ಹೊಗಳಿದವರಿದ್ದಾರೆ. ಒಂದು ಸುತ್ತೋಲೆಯಲ್ಲಿ ತೆಗೆಯಬಹುದಾದದ್ದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದೇಕೆ ಎಂದು ಕೇಳಿದವರು ಕಡಿಮೆ. ಖಾಸಗಿಯವರಂತೂ ಕೇಳುವವರೇ ಇಲ್ಲ ಎಂಬಂತಿದ್ದಾರೆ. ಐಸಿಐಸಿಐ ಗದ್ದಲದ ಹೊತ್ತಿಗೆ ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಹೇಳಿದ್ದು, ಮಿನಿಮಮ್ ಬ್ಯಾಲೆನ್ಸ್ ಎಷ್ಟೆಂಬುದು ಆಯಾ ಬ್ಯಾಂಕಿಗೆ ಬಿಟ್ಟದ್ದು, ನಿಯಂತ್ರಣದ ವ್ಯಾಪ್ತಿಗೆ ಬರುವುದಿಲ್ಲ ಎಂದು.

ಬರುವುದಿಲ್ಲವೇ? 2014ರ ಏಪ್ರಿಲ್ 1ರ ಹಣಕಾಸು ನೀತಿಯ ಹೇಳಿಕೆಯನ್ನು ಗವರ್ನರರು ತರಿಸಿಕೊಂಡು ಓದಲಿ. ಆಗ ಆ ಕುರ್ಚಿಯಲ್ಲಿದ್ದವರು ರಘುರಾಮ್ ರಾಜನ್. ಗ್ರಾಹಕರ ಕಷ್ಟವನ್ನೋ ಮರೆವನ್ನೋ ಬ್ಯಾಂಕುಗಳು ಲಾಭಕ್ಕೆ ಬಳಸಿಕೊಳ್ಳಬಾರದು. ಬ್ಯಾಲೆನ್ಸ್ ಕಡಿಮೆಯಾದರೆ ದಂಡ ಹಾಕುವ ಬದಲು ಆ ಖಾತೆಯ ಸೌಲಭ್ಯಗಳನ್ನು ಮೂಲ ಉಳಿತಾಯ ಖಾತೆಯ ಮಟ್ಟಕ್ಕೆ ಇಳಿಸಿ, ಬ್ಯಾಲೆನ್ಸ್ ಮೇಲೆದ್ದಾಗ ಮತ್ತೆ ಕೊಡಿ ಎಂಬ ಅರ್ಥದ ಮಾತು ಅದರಲ್ಲಿದೆ. ಅದೇ ನವೆಂಬರ್ ಹೊತ್ತಿಗೆ ಬಂದ ಸುತ್ತೋಲೆಯಲ್ಲಿ ದಂಡ ಮತ್ತೆ ಒಳಗೆ ನುಸುಳಿತ್ತು. ಒಂದು ತಿಂಗಳು ಮುಂಚೆ ತಿಳಿಸಿ, ಕೊರತೆಗೆ ತಕ್ಕಷ್ಟೇ ಹಾಕಿ, ಖಾತೆ ಸೊನ್ನೆಗಿಂತ ಕೆಳಗೆ ಇಳಿಯದಿರಲಿ ಎಂಬ ಮೂರು ಉಪಚಾರದ ಮಾತಿನ ಜೊತೆ. ಏಪ್ರಿಲಿಗೂ ನವೆಂಬರಿಗೂ ನಡುವೆ ಯಾರು ಯಾರ ಕಿವಿ ಕಚ್ಚಿದರು ಎಂದು ದೇಶಕ್ಕೆ ಯಾರೂ ಹೇಳಲಿಲ್ಲ.

ಹೊಸ ಸಮಿತಿ ಬೇಡ, ಹೊಸ ಅಧ್ಯಯನ ಬೇಡ. ಏಪ್ರಿಲಿನ ಆ ಮಾತನ್ನೇ ಆದೇಶ ಮಾಡಿ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಬ್ಯಾಂಕುಗಳಿಗೂ ಕಳಿಸಲಿ. ಇದುವರೆಗೆ ಹಿಡಿದ ದಂಡವನ್ನು ಹಿಡಿದ ಖಾತೆಗಳಿಗೇ ವಾಪಸ್ ಜಮೆ ಮಾಡಿಸಲಿ. ಅಷ್ಟು ಹಳೆಯ ಲೆಕ್ಕ ಎಲ್ಲಿ ಹುಡುಕುವುದು ಎಂಬ ನೆಪ ನಡೆಯುವುದಿಲ್ಲ. ಯಾರ ಖಾತೆಯಿಂದ, ಯಾವ ತಿಂಗಳು, ಜಿಎಸ್‌ಟಿ ಸೇರಿ ಎಷ್ಟು ರೂಪಾಯಿ ಎಷ್ಟು ಪೈಸೆ ಕಟ್ ಆಯಿತು ಎಂಬುದೆಲ್ಲ ಅವರ ಕಂಪ್ಯೂಟರಿನಲ್ಲೇ ಇದೆ.