ಎಂಟುನೂರರ ಪಗಾರ

ನಮ್ಮ ಕೊಪ್ಪಳದ ಕಡೆ ಸರ್ಕಾರದ ಮಾಸಾಶನಕ್ಕೆ ಜನ ಇಟ್ಟುಕೊಂಡ ಹೆಸರು ಪಗಾರ. ಮುದುಕರ ಪಗಾರ, ವಿಧವಾ ಪಗಾರ, ಅಂಗವಿಕಲರ ಪಗಾರ. ‘ಈ ತಿಂಗಳದ್ದು ಪಗಾರ ಬಂತೇನ್ರಿ?’ ಎಂದು ಬ್ಯಾಂಕಿನ ಕಟ್ಟೆಯ ಮೇಲೆ ಕೂತವರು ಕೇಳುತ್ತಾರೆ. ಪಗಾರವೆಂದರೆ ಸಲ್ಲಬೇಕಾದ ಬಾಕಿ. ತಡವಾದರೆ ಜಗಳ ತೆಗೆದು ಕೇಳಬಹುದು. ಅದೇ ಹಣ ಕಚೇರಿಯ ಕಾಗದ ಸೇರಿದ ಕೂಡಲೇ ‘ಸೌಲಭ್ಯ’ವಾಗುತ್ತದೆ, ಪಡೆಯುವವರು ‘ಫಲಾನುಭವಿ’ಗಳಾಗುತ್ತಾರೆ. ಫಲಾನುಭವಿ ಜಗಳ ತೆಗೆಯುವಂತಿಲ್ಲ, ಕೈ ಮುಗಿಯಬೇಕು. ಕಾನೂನನ್ನು ತೆರೆದು ಓದಿದರೆ ಕಟ್ಟೆಯ ಮೇಲಿನವರ ಮಾತೇ ಸರಿ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಸ್ತಾಪ ಬಂದಾಗಲೆಲ್ಲ 7 ಬಗೆಯ ವೈಕಲ್ಯ 21 ಆಯಿತು, ನೌಕರಿಯ ಮೀಸಲಾತಿ ಶೇ. 3ರಿಂದ 4ಕ್ಕೆ ಏರಿತು ಎನ್ನುತ್ತೇವೆ. 24ನೆಯ ಸೆಕ್ಷನ್ನಿನ ಮಾತು ಎತ್ತುವವರು ಕಡಿಮೆ. ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡುವ ನೆರವು, ಅಂಥದೇ ಯೋಜನೆಗಳಲ್ಲಿ ಇತರರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು ಎಂದು ಅದು ಹೇಳುತ್ತದೆ. ಲೆಕ್ಕ ಕಷ್ಟದ್ದಲ್ಲ. ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯಡಿ ವೃದ್ಧರಿಗೆ ತಿಂಗಳಿಗೆ 1,200 ರೂಪಾಯಿ. ಅದಕ್ಕೆ ಕಾಲು ಭಾಗ ಸೇರಿಸಿದರೆ 1,500. ಆದರೆ ಶೇ. 40ರಿಂದ 74ರವರೆಗಿನ ವೈಕಲ್ಯ ಇದ್ದವರ ಪಿಂಚಣಿ 800. ಶೇ. 75 ದಾಟಿದರೆ 1,400. ಎರಡೂ ಹಂತ 1,500ನ್ನು ಮುಟ್ಟುವುದಿಲ್ಲ. ಮೊದಲನೆಯದಂತೂ ವೃದ್ಧರ ಪಿಂಚಣಿಗಿಂತಲೂ ಕೆಳಗಿದೆ. ವೃದ್ಧರ ಹಣ ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ, ಅದೂ ಸಾಲದು. ಆದರೆ ಹೆಚ್ಚಿಗೆ ಕೊಡು ಎಂದು ಕಾನೂನು ಹೇಳಿದವರಿಗೇ ಕಡಿಮೆ ಕೊಡುವುದಕ್ಕೆ ಏನನ್ನಬೇಕು?

ಅದೇ ಸೆಕ್ಷನ್ನಿನಲ್ಲಿ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಮಾತೂ ಇದೆ. ಸರ್ಕಾರ ಅಡಗಿಕೊಳ್ಳಲು ಬೇಕಾದಷ್ಟು ಜಾಗ. 2023ರಲ್ಲಿ ಗೃಹಲಕ್ಷ್ಮಿಗೆ ತಿಂಗಳಿಗೆ 2,000 ರೂಪಾಯಿ ಹೊಂದಿಸಿದ ಬೊಕ್ಕಸ ಈ ಮಿತಿಯನ್ನು ಅಂಗವಿಕಲರ ಸರದಿ ಬಂದಾಗ ಮಾತ್ರ ನೆನಪಿಸಿಕೊಳ್ಳಬಾರದು.

ಇನ್ನು ಶೇಕಡಾವಾರಿನ ಕಥೆ. 74 ಇದ್ದವರಿಗೂ 75 ಇದ್ದವರಿಗೂ ತಿಂಗಳಿಗೆ 600 ರೂಪಾಯಿ ಅಂತರ. 39 ಬಂದರೆ ಬಾಗಿಲೇ ಮುಚ್ಚಿತು. ವೈದ್ಯರು ಅಳೆಯುವುದು ಕಾಲನ್ನು, ಕಿವಿಯನ್ನು, ಕಣ್ಣನ್ನು. ಬದುಕನ್ನು ಅಳೆಯುವ ಪಟ್ಟಿ ಅವರ ಹತ್ತಿರ ಇಲ್ಲ. ಗಂಗಾವತಿಯ ಗದ್ದೆಯಲ್ಲಿ ನಾಟಿ ಹಚ್ಚುವುದಾಗಲಿ, ಯಲಬುರ್ಗಾದ ಎರೆ ಹೊಲದಲ್ಲಿ ಕಳೆ ತೆಗೆಯುವುದಾಗಲಿ ಬಗ್ಗಿ, ಕುಕ್ಕರಗಾಲಲ್ಲಿ ಕೂತು ಮಾಡುವ ಕೂಲಿ. ಒಂದು ಕಾಲಿನ ಬಲ ಅರ್ಧ ಹೋದರೆ ಪ್ರಮಾಣಪತ್ರದಲ್ಲಿ ಶೇ. 50, ಆ ಹೊಲದಲ್ಲಿ ಕೂಲಿ ಪೂರ್ತಿ ಹೋಯಿತು. 2025-26ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಎಂಟುನೂರೆಂದರೆ ಎರಡು ದಿನದ ಕೂಲಿ, ಮೇಲೆ ಚಹಾ-ಮಂಡಕ್ಕಿಯ ಕಾಸು.

ಆ ಎರಡು ದಿನದ ಕೂಲಿಗಾಗಿ ಎಷ್ಟು ದಿನ ಕಳೆಯಬೇಕು? ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿನ ತಪಾಸಣೆ ಆರೋಗ್ಯ ಇಲಾಖೆಯದು. ಪಿಂಚಣಿ ಕಂದಾಯ ಇಲಾಖೆಯದು, ಅಂದರೆ ನಾಡಕಚೇರಿ ಮತ್ತು ತಹಶೀಲ್ದಾರರು. ಬಸ್ ಪಾಸು ಸಾರಿಗೆ ನಿಗಮದ್ದು. ಹೆಸರಿನಲ್ಲೇ ಇವರನ್ನು ಹೊತ್ತುಕೊಂಡ ಇಲಾಖೆ ನಾಲ್ಕನೆಯದು. ಹನುಮಸಾಗರದ ಕಡೆಯ ಹಳ್ಳಿಯಿಂದ ನಡೆಯಲಾರದ ಒಬ್ಬ ಗಂಡಸು ಕುಷ್ಟಗಿ ದಾಟಿ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಬರಬೇಕೆಂದರೆ ಜೊತೆಗೊಬ್ಬರು ಬೇಕು, ಅವರ ಆ ದಿನದ ಕೂಲಿಯೂ ಹೋಗಬೇಕು. ಮಹಿಳೆಯರು ಆಧಾರ್ ತೋರಿಸಿ ಉಚಿತವಾಗಿ ಹೋಗಬಹುದು, ಒಳ್ಳೆಯದೇ. ಈತನಿಗೆ ವರ್ಷಕ್ಕೆ 660 ರೂಪಾಯಿ ಕಟ್ಟಿದರೆ 100 ಕಿಲೋಮೀಟರ್ ಒಳಗಿನ ಪಾಸು. ಅದಕ್ಕೂ ಮೊದಲು ಪ್ರಮಾಣಪತ್ರ ಬೇಕು, ಅದನ್ನು ತರಲು ಹೋಗುವಾಗ ಪೂರ್ತಿ ಟಿಕೆಟ್. ಇದೆಲ್ಲದರಲ್ಲಿ ನೆರವಾಗಬೇಕಾದವರು ಊರವರು ‘ವಿಆರ್‌ಡಬ್ಲ್ಯೂ’ ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ಅಂಗವಿಕಲರೇ, ಗೌರವಧನಕ್ಕೆ ದುಡಿಯುವವರು. ಸರ್ಕಾರ ಅವರಿಗೂ ಪಗಾರ ಎನ್ನುವುದಿಲ್ಲ, ನೋಡಿ.

ನಕಲಿ ಪ್ರಮಾಣಪತ್ರದವರನ್ನು ತಡೆಯಬೇಡವೇ ಎಂದು ಕೇಳುವವರಿದ್ದಾರೆ. ತಡೆಯಿರಿ. 2024ರಲ್ಲಿ ತರಬೇತಿಯಲ್ಲಿದ್ದ ಐಎಎಸ್ ಅಧಿಕಾರಿಯೊಬ್ಬರ ಮೇಲೆ ಅಂಥ ಆರೋಪ ಬಂದು ದೇಶವೆಲ್ಲ ಗದ್ದಲವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ನಿಯಮ ತಿದ್ದಿತು: ಪ್ರಮಾಣಪತ್ರ ಕೊಡಲು ಇದ್ದ ಒಂದು ತಿಂಗಳ ಗಡುವು ಮೂರು ತಿಂಗಳಾಯಿತು. ವೈದ್ಯಕೀಯ ಪ್ರಾಧಿಕಾರ ಎರಡು ವರ್ಷ ಕಳೆದರೂ ತೀರ್ಮಾನಿಸದಿದ್ದರೆ ಅರ್ಜಿ ನಿಷ್ಕ್ರಿಯ, ಮತ್ತೆ ಮೊದಲಿನಿಂದ ಅರ್ಜಿ. ತಡ ಮಾಡಿದವರು ಅವರು, ದಂಡ ತೆರುವವರು ಇವರು. ಮೋಸ ಮಾಡುವವರಿಗೆ ಮೂರು ತಿಂಗಳೇನು ದೊಡ್ಡದಲ್ಲ. ಮಗುವನ್ನು ಹೆಗಲ ಮೇಲೆ ಹೊತ್ತು ಬರುವ ತಾಯಿಗೆ ದೊಡ್ಡದು.

ನಾವು ಸಾಹಿತ್ಯದವರು ಮಾತ್ರ ಪದಗಳ ಚರ್ಚೆಯಲ್ಲೇ ಇದ್ದೇವೆ. ಅಂಗವಿಕಲ ಬೇಡ, ವಿಕಲಚೇತನ ಅನ್ನಿ. ಅದೂ ಬೇಡ, ವಿಶೇಷಚೇತನ ಅನ್ನಿ. ವಿಕಲಚೇತನ ಎಂಬುದನ್ನು ಬಿಡಿಸಿದರೆ ಮೊದಲು ಅಂಗಕ್ಕಿದ್ದ ಊನವನ್ನು ಚೇತನಕ್ಕೇ ಅಂಟಿಸಿದಂತಾಗುತ್ತದೆ, ಆದರೂ ಅದು ಇಲಾಖೆಯ ಬೋರ್ಡಿನ ಮೇಲಿದೆ. ಹೆಸರಿನ ಮರ್ಯಾದೆ ಏರುತ್ತಾ ಹೋಯಿತು, ಹಣಕ್ಕೆ ಆ ಅವಸರವಿಲ್ಲ.

ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಇದೇ ಕಾಯ್ದೆಯ 80ನೆಯ ಸೆಕ್ಷನ್ ಪ್ರಕಾರ, ಅಂಗವಿಕಲರ ಹಕ್ಕು ಕೈತಪ್ಪಿದರೆ ರಾಜ್ಯ ಆಯುಕ್ತರು ತಾವಾಗಿಯೇ ಆಗಲಿ, ಯಾರಾದರೂ ಬರೆದಾಗಲಿ ವಿಚಾರಿಸಬೇಕು. ನಿಮ್ಮೂರಿನ ಕಾರ್ಯಕರ್ತರ ಜೊತೆ ಕೂತು, ಎಂಟುನೂರು ಪಡೆಯುತ್ತಿರುವವರ ಸಹಿಯೋ ಹೆಬ್ಬೆಟ್ಟೋ ಹಾಕಿಸಿ ಆಯುಕ್ತರಿಗೆ ಬರೆಯಿರಿ. 24ನೆಯ ಸೆಕ್ಷನ್ನಿನ ಪ್ರತಿ ಜೊತೆಗಿರಲಿ, 1,200, 1,500, 800 ಎಂಬ ಮೂರು ಅಂಕಿಗಳೂ ಇರಲಿ.