ಮೀನೆಣ್ಣೆ ಡಬ್ಬಿಯ ಮುಂಬದಿಯಲ್ಲೇ ನಿಜ ಬರೆಸಿ

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಮುಖ್ಯ ಕಾರ್ಯನಿರ್ವಹಣಾಧಿಕಾರಿಯವರಿಗೆ,

ಮಾನ್ಯರೇ,

ಉಡುಪಿಯಲ್ಲಿ ಔಷಧಿ ಅಂಗಡಿ ನಡೆಸುವವಳು ನಾನು. ‘ಮೀನೆಣ್ಣೆ ಮಾತ್ರೆ ಹಾರ್ಟಿಗೆ ಒಳ್ಳೇದಂತಲ್ಲ, ಒಂದು ಡಬ್ಬಿ ಕೊಡಿ’ ಎಂದು ಕೇಳಿಕೊಂಡು ಬರುವವರಿಗೆ ಬರವಿಲ್ಲ. ಅವರ ಕೈಯಲ್ಲಿ ವೈದ್ಯರ ಚೀಟಿ ಇರುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಈ ಡಬ್ಬಿಗಳು ನಿಮ್ಮ ನಿಯಮದ ಪ್ರಕಾರ ಔಷಧಿಯಲ್ಲ, ಆಹಾರ ಪೂರಕ. ಅದಕ್ಕೇ ಈ ಪತ್ರವನ್ನು ಔಷಧ ನಿಯಂತ್ರಕರ ಬದಲು ನಿಮಗೆ ಬರೆಯುತ್ತಿದ್ದೇನೆ.

ಸಾಮಾನ್ಯವಾಗಿ ಮಾರಾಟವಾಗುವ ಒಂದು ಡಬ್ಬಿಯನ್ನು ಕೈಗೆತ್ತಿಕೊಳ್ಳಿ. ಮುಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ‘1000 ಮಿ.ಗ್ರಾಂ’ ಎಂದಿದೆ, ಪಕ್ಕದಲ್ಲೊಂದು ಹೃದಯದ ಚಿತ್ರ. ಡಬ್ಬಿ ತಿರುಗಿಸಿ, ಕನ್ನಡಕ ಏರಿಸಿ ಓದಿದರೆ ಸಿಗುತ್ತದೆ: ಇಪಿಎ 180 ಮಿ.ಗ್ರಾಂ, ಡಿಎಚ್‌ಎ 120 ಮಿ.ಗ್ರಾಂ. ಜನ ದುಡ್ಡು ಕೊಡುವುದು ಈ ಎರಡು ಒಮೆಗಾ-3 ಕೊಬ್ಬಿನಾಮ್ಲಗಳಿಗೆ, ಅಂದರೆ 300 ಮಿ.ಗ್ರಾಂಗೆ. ಉಳಿದ 700 ಮೀನಿನ ಬೇರೆ ಕೊಬ್ಬು. ವೈದ್ಯರು ‘ದಿನಕ್ಕೊಂದು ಗ್ರಾಂ ಒಮೆಗಾ-3’ ಎಂದದ್ದನ್ನು ಕೇಳಿಸಿಕೊಂಡು ಬಂದವರು ಒಂದು ಕ್ಯಾಪ್ಸೂಲ್ ನುಂಗಿ ನಿಶ್ಚಿಂತರಾಗುತ್ತಾರೆ. ಹೇಳಿದ ಪ್ರಮಾಣದ ಮೂರನೇ ಒಂದು ಭಾಗವೂ ಹೊಟ್ಟೆಗೆ ಹೋಗಿರುವುದಿಲ್ಲ.

ಒಂದು ಗ್ರಾಂ ಪೂರ್ತಿ ಹೋದರೂ ಏನಾಗುತ್ತದೆ ಎಂಬುದು ಈಗ ಸಾಕಷ್ಟು ಗೊತ್ತಿದೆ. 1999ರಲ್ಲಿ ಇಟಲಿಯ ಗಿಸ್ಸಿ ಅಧ್ಯಯನ, ಹೃದಯಾಘಾತದಿಂದ ಚೇತರಿಸಿಕೊಂಡ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರಲ್ಲಿ ಸಾವು ಕಡಿಮೆಯಾದದ್ದನ್ನು ಕಂಡಿತು. ಮೀನೆಣ್ಣೆಯ ಕೀರ್ತಿ ಹಬ್ಬಿದ್ದಕ್ಕೆ ಅದೊಂದು ದೊಡ್ಡ ಕಾರಣ. ಆದರೆ ಹೃದಯ ಚಿಕಿತ್ಸೆ ಮುಂದೆ ಹೋದಂತೆ ಆ ಲಾಭ ಮತ್ತೆ ಕಾಣಲಿಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ವೈಟಲ್ ಅಧ್ಯಯನದಲ್ಲಿ 25,871 ಜನರಿದ್ದರು. ಕ್ಯಾಪ್ಸೂಲ್‌ನಲ್ಲಿ ಇಪಿಎ, ಡಿಎಚ್‌ಎ ಸೇರಿ 840 ಮಿ.ಗ್ರಾಂ ಇತ್ತು. ಐದು ವರ್ಷ ದಾಟಿದರೂ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಇವುಗಳ ಒಟ್ಟು ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಮೀನು ಕಡಿಮೆ ತಿನ್ನುವವರಲ್ಲಿ ಹೃದಯಾಘಾತ ತಗ್ಗಿದ ಸೂಚನೆ ಇತ್ತು, ನಿಜ. ಅದು ಇನ್ನೂ ಸೂಚನೆಯಷ್ಟೇ. 840ಕ್ಕೇ ಹೀಗಾದರೆ 300ರ ಡಬ್ಬಿಯ ಮೇಲೆ ಹೃದಯದ ಚಿತ್ರಕ್ಕೆ ಏನು ಆಧಾರ?

ಹೆಚ್ಚಿನ ಪ್ರಮಾಣದ ಕಥೆ ಬೇರೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 500 ಮಿ.ಗ್ರಾಂ/ಡೆ.ಲೀ. ದಾಟಿದವರಿಗೆ ವೈದ್ಯರು ದಿನಕ್ಕೆ 4 ಗ್ರಾಂವರೆಗೆ ಒಮೆಗಾ-3 ಕೊಡುತ್ತಾರೆ, ಆ ಕೊಬ್ಬು ನಿಜವಾಗಿ ಇಳಿಯುತ್ತದೆ. ರೆಡ್ಯೂಸ್-ಇಟ್ ಎಂಬ ಅಧ್ಯಯನದಲ್ಲಿ ಶುದ್ಧೀಕರಿಸಿದ ಇಪಿಎ 4 ಗ್ರಾಂ ಪಡೆದವರಿಗೆ ಹೃದಯದ ಅಪಾಯವೂ ಕಾಲು ಭಾಗ ಕಡಿಮೆಯಾಯಿತು. ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಕೊಟ್ಟ ಖನಿಜ ತೈಲದ ಬಗ್ಗೆ ತಕರಾರು ಉಳಿದಿದೆ. ಇಪಿಎ, ಡಿಎಚ್‌ಎ ಎರಡನ್ನೂ 4 ಗ್ರಾಂ ಕೊಟ್ಟ ಸ್ಟ್ರೆಂತ್ ಅಧ್ಯಯನ ಲಾಭ ಕಾಣದೆ ನಡುವೆಯೇ ನಿಂತಿತು. ಇದೆಲ್ಲ ವೈದ್ಯರ ಕಣ್ಗಾವಲಿನಲ್ಲಿ ನಡೆಯಬೇಕಾದ ಚಿಕಿತ್ಸೆ. ಸುದ್ದಿ ಓದಿದವರು ಮಾತ್ರ ನನ್ನ ಕೌಂಟರಿಗೆ ಬಂದು ಪೂರಕದ ಡಬ್ಬಿ ಕೇಳುತ್ತಾರೆ.

ಅಪಾಯದ ಮಾತಂತೂ ಡಬ್ಬಿಯ ಮೇಲೆ ಕಾಣುವುದೇ ಇಲ್ಲ. ವಯಸ್ಕರಿಗೆ ದಿನಕ್ಕೆ 5 ಗ್ರಾಂವರೆಗಿನ ಇಪಿಎ, ಡಿಎಚ್‌ಎ ಪೂರಕಗಳಿಂದ ಸುರಕ್ಷತೆಯ ಆತಂಕವಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಹೇಳಿತ್ತು. ಆಮೇಲೆ ಬಂದ ಅಧ್ಯಯನಗಳಲ್ಲಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಬಡಿತ ತಾಳ ತಪ್ಪುವ ತೊಂದರೆ, ಹೆಚ್ಚು ಪ್ರಮಾಣ ತೆಗೆದುಕೊಂಡವರಲ್ಲಿ ಜಾಸ್ತಿ ಕಂಡಿತು. ರೆಡ್ಯೂಸ್-ಇಟ್‌ನಲ್ಲೇ ಈ ಕಾರಣಕ್ಕೆ ಆಸ್ಪತ್ರೆ ಸೇರಿದವರು ಶೇ 3.1, ಹೋಲಿಕೆಯ ಗುಂಪಿನಲ್ಲಿ ಶೇ 2.1. ಯುರೋಪಿನ ಔಷಧ ಸಂಸ್ಥೆ 2023ರಲ್ಲಿ ಒಮೆಗಾ-3 ಔಷಧಿಗಳ ಮಾಹಿತಿ ಪತ್ರದಲ್ಲಿ ಇದನ್ನು ಸೇರಿಸಲು ಹೇಳಿತು. ಹೃದಯಕ್ಕೆಂದೇ ನುಂಗುವ ಪದಾರ್ಥ ಕೆಲವರ ಹೃದಯದ ಲಯವನ್ನೇ ಕೆಡಿಸಬಹುದು ಎಂಬುದನ್ನು ತಿಳಿಯುವ ಹಕ್ಕು ನಮ್ಮ ಹಿರಿಯರಿಗಿಲ್ಲವೇ?

ಗರ್ಭಿಣಿಯರ ವಿಷಯ ಇನ್ನೂ ಸೂಕ್ಷ್ಮ. ಒಮೆಗಾ-3ರಿಂದ ಅವಧಿಪೂರ್ವ ಹೆರಿಗೆ ಕಡಿಮೆಯಾಗುತ್ತದೆಂದು 2018ರ ಕಾಕ್ರೇನ್ ಪರಿಶೀಲನೆ ಹೇಳಿದೆ. ಆದರೆ ಕಾಡ್ ಲಿವರ್ ಎಣ್ಣೆಯಲ್ಲಿ ವಿಟಮಿನ್ ಎ ಇರುತ್ತದೆ, ಅದು ಮಿತಿಮೀರಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು. ಮೀನೆಣ್ಣೆ, ಕಾಡ್ ಲಿವರ್ ಎಣ್ಣೆ ಎರಡರ ಡಬ್ಬಿಗಳೂ ನನ್ನ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತಿವೆ, ಎರಡರಲ್ಲೂ ಹೊನ್ನಬಣ್ಣದ ಕ್ಯಾಪ್ಸೂಲ್. ಕೇಳಿದವರಿಗೆ ವ್ಯತ್ಯಾಸ ಹೇಳುತ್ತೇನೆ. ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವವರಿಗೆ ಯಾರು ಹೇಳುತ್ತಾರೆ?

ಮಲ್ಪೆ ಬಂದರು ಇಲ್ಲಿಗೆ ಹತ್ತಿರ. ಮಳೆಗಾಲ ಮುಗಿದ ಮೇಲೆ ಬರುವ ಕೊಬ್ಬಿದ ಬೂತಾಯಿ ಮೀನು ನೂರು ಗ್ರಾಂ ತಿಂದರೆ ಮೂರ್ನಾಲ್ಕು ಕ್ಯಾಪ್ಸೂಲ್‌ಗಳಷ್ಟು ಒಮೆಗಾ-3 ಸಿಗುತ್ತದೆ, ಜೊತೆಗೆ ಪ್ರೋಟೀನೂ. ಮೀನು ತಿನ್ನುವವರಿಗೆ ಮೊದಲು ಇದನ್ನೇ ಹೇಳುತ್ತೇನೆ, ವ್ಯಾಪಾರ ಹೋದರೆ ಹೋಗಲಿ. ಸಸ್ಯಾಹಾರಿಗಳು ಅಗಸೆ ಎಣ್ಣೆ ಕೇಳುತ್ತಾರೆ. ಅಗಸೆಯಲ್ಲಿರುವ ಎಎಲ್‌ಎ ಎಂಬ ಒಮೆಗಾ-3 ನಮ್ಮ ದೇಹದಲ್ಲಿ ಇಪಿಎ ಆಗುವುದೇ ಅಲ್ಪ, ಡಿಎಚ್‌ಎ ಆಗುವುದು ಇನ್ನೂ ಅಲ್ಪ. ಅಗಸಿ ಚಟ್ನಿಪುಡಿ ಒಳ್ಳೆಯ ಊಟ, ಖಂಡಿತ ತಿನ್ನಲಿ. ಡಿಎಚ್‌ಎ ಬೇಕಾದವರಿಗೆ ಪಾಚಿಯಿಂದ ತೆಗೆದ ಎಣ್ಣೆ ಇದೆ.

ನಾನು ಪೂರಕಗಳನ್ನು ನಿಷೇಧಿಸಿ ಎನ್ನುತ್ತಿಲ್ಲ. ಒಟ್ಟು ಎಣ್ಣೆಯ ತೂಕ ಬರೆದಷ್ಟೇ ದೊಡ್ಡ ಅಕ್ಷರದಲ್ಲಿ ಇಪಿಎ ಮತ್ತು ಡಿಎಚ್‌ಎ ಪ್ರಮಾಣವನ್ನು ಮುಂಬದಿಯಲ್ಲೇ ಮುದ್ರಿಸಬೇಕೆಂದು ಆದೇಶಿಸಿ. ಬಡಿತದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಬೇಕು ಎಂಬ ಸಾಲು ಕನ್ನಡದಲ್ಲೂ ಇರಲಿ. ಹೃದಯದ ಚಿತ್ರ ಹಾಕುವವರು ಯಾವ ಪ್ರಮಾಣಕ್ಕೆ, ಯಾವ ಪುರಾವೆಯ ಮೇಲೆ ಹಾಕಿದ್ದೇವೆಂದು ನಿಮಗೆ ಲಿಖಿತವಾಗಿ ತೋರಿಸಲಿ. ಎಣ್ಣೆ ಹಳತಾಗಿ ಕಮಟು ಹಿಡಿದಿದೆಯೇ ಎಂದು ಅಂಗಡಿಗಳಿಂದಲೇ ಮಾದರಿ ಎತ್ತಿ ಪರೀಕ್ಷಿಸಿ, ಫಲಿತಾಂಶವನ್ನು ಬ್ರ್ಯಾಂಡ್ ಹೆಸರಿನೊಂದಿಗೆ ಪ್ರಕಟಿಸಿ. ನನ್ನ ಅಂಗಡಿಯಿಂದಲೇ ಶುರು ಮಾಡಿದರೂ ಸರಿ.

ಇತಿ,
ಉಡುಪಿಯ ಒಬ್ಬ ಔಷಧಿ ವ್ಯಾಪಾರಿ