ನಮ್ಮ ಪುಸ್ತಕ ಬ್ಯಾಂಕಿಗೆ ಪಿಗ್ಮಿಯೇ ಸಾಕು

ಈ ವರ್ಷ ತರಗತಿ ಶುರುವಾದ ವಾರವೇ ನಾವು ಮೂವರು ನಮ್ಮ ಪುಸ್ತಕ ಬ್ಯಾಂಕಿಗೆ ಪ್ರಾಯೋಜಕರನ್ನು ಹುಡುಕುತ್ತಾ ಉಡುಪಿಯಿಂದ ಕಾಪುವಿನವರೆಗೆ ಅಂಗಡಿ ಅಂಗಡಿ ಹತ್ತಿ ಇಳಿದೆವು. ಹೆಚ್ಚಿನವರು "ಇನ್ನೊಮ್ಮೆ ಬನ್ನಿ" ಎಂದರು. ಒಬ್ಬರು ಮಾತ್ರ ವರ್ಷದ ಪೂರ್ತಿ ಖರ್ಚು ಕೊಡಲು ಒಪ್ಪಿದರು. ಷರತ್ತು ಒಂದೇ: ಪುಸ್ತಕ ಪಡೆಯುವವರನ್ನು ಸಾಲಾಗಿ ನಿಲ್ಲಿಸಿ ಅವರ ಜೊತೆ ಫೋಟೋ ತೆಗೆಸಬೇಕು, ಅದನ್ನು ಬ್ಯಾನರಿಗೆ ಹಾಕಬೇಕು.

ಫೋಟೋ ತಾನೇ, ಏನಾಗುತ್ತದೆ ಎಂದವಳು ನಾನೇ. ಮರುದಿನ, ಕಾರ್ಕಳದಿಂದ ಬಸ್ಸಿನಲ್ಲಿ ಬರುವ ನನ್ನ ಸಹಪಾಠಿ ಹತ್ತಿರ ಬಂದು "ಪಟ್ಟಿಯಿಂದ ನನ್ನ ಹೆಸರು ತೆಗೆದುಬಿಡು" ಎಂದಳು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಹಣ ಬೇಡವೆಂದೆವು. ಹನ್ನೊಂದು ಮಂದಿಗೆ ಬೇಕಿದ್ದ ಪುಸ್ತಕ ಆರು ಮಂದಿಗಷ್ಟೇ ಸಿಕ್ಕಿತು.

ಮಣಿಪಾಲದ ದೊಡ್ಡ ಕಂಪನಿಗಳ ಸಿಎಸ್‌ಆರ್ ಹಣ ಕೇಳಿ ಎಂದು ಸಲಹೆ ಬಂತು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ 2% ಹಣವನ್ನು ಸಮಾಜಕ್ಕೆ ಖರ್ಚು ಮಾಡಬೇಕು, ನಿಜ. ಆದರೆ ಅದನ್ನು ಪಡೆಯಲು ನೋಂದಾಯಿತ ಸಂಸ್ಥೆಯಾಗಿರಬೇಕು, 12ಎ ಮತ್ತು 80ಜಿ ಬೇಕು, 3 ವರ್ಷಗಳ ಕೆಲಸದ ದಾಖಲೆ ಬೇಕು. ನಮ್ಮ ಬಳಿ ಇರುವುದು ಒಂದು ಕಪಾಟು, ಒಂದು ನೋಟ್‌ಬುಕ್ಕು!

ಹಾಗಾದರೆ ದಾರಿ? ಅದು ಉಡುಪಿಯಲ್ಲೇ ಇದೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇಲ್ಲಿ ಆರಂಭಿಸಿದ ಬ್ಯಾಂಕು, ಅಂದರೆ ಮುಂದಿನ ಕಾರ್ಪೊರೇಷನ್ ಬ್ಯಾಂಕು, ಮೊದಲ ದಿನ ಕಂಡ ಹಣ 38 ರೂಪಾಯಿ 13 ಆಣೆ 2 ಪೈ. 1925ರಲ್ಲಿ ಇದೇ ಊರಲ್ಲಿ ಹುಟ್ಟಿ ಸಿಂಡಿಕೇಟ್ ಬ್ಯಾಂಕಾಗಿ ಬೆಳೆದ ಇನ್ನೊಂದು, 1928ರಲ್ಲಿ ಪಿಗ್ಮಿ ತಂದಿತು: ಮನೆ ಬಾಗಿಲಿಗೆ ಹೋಗಿ ದಿನಕ್ಕೆ 2 ಆಣೆ. ಅದು ಉಳಿತಾಯ, ದಾನವಲ್ಲ, ಒಪ್ಪುತ್ತೇನೆ. ಆದರೆ 2 ಆಣೆ ಕೊಟ್ಟವರು ಯಾರೂ ಬ್ಯಾನರ್ ಕೇಳುವುದಿಲ್ಲ.

60 ಮಂದಿಯ ಒಂದು ತರಗತಿ ವಾರಕ್ಕೆ ತಲಾ 5 ರೂಪಾಯಿ ಹಾಕಿದರೆ ನಾಲ್ಕು ವಾರಕ್ಕೆ 1,200 ರೂಪಾಯಿ. ಮುಚ್ಚಿದ ಡಬ್ಬ ಇರಲಿ. ಹಾಕಿದವರು ಯಾರು, ಹಾಕದವರು ಯಾರು ಎಂಬುದು ಯಾರಿಗೂ ತಿಳಿಯಬೇಕಿಲ್ಲ. ಬಂದದ್ದು, ಹೋದದ್ದು ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಬರಲಿ. ಪುಸ್ತಕ ಪಡೆದವರ ಹೆಸರು ಮಾತ್ರ ಗ್ರಂಥಪಾಲಕರ ಬಳಿಯೇ ಇರಲಿ. ಝಕಾತ್ ಕೊಡಬಯಸುವವರು ದಯವಿಟ್ಟು ಅದನ್ನು ಈ ಡಬ್ಬಕ್ಕೆ ಹಾಕಬೇಡಿ. ಅದು ಅರ್ಹರಿಗೇ ತಲುಪಬೇಕು, ನಮ್ಮ ಆಟೋ ಬಾಡಿಗೆಯಲ್ಲಿ ಕರಗಬಾರದು.

ಅಂಗಡಿಯವರನ್ನು ಬಿಡಬೇಕೆಂದಲ್ಲ. ಅವರ ಹೆಸರನ್ನು ಕಪಾಟಿನ ಮೇಲೆ ಸಂತೋಷದಿಂದ ಬರೆಯೋಣ. ಪುಸ್ತಕ ಪಡೆದವರ ಮುಖ ಮಾತ್ರ ಕೊಡುವುದು ಬೇಡ.

ಪ್ರಾಂಶುಪಾಲರ ಅನುಮತಿಗೆ ಅರ್ಜಿ ಕೊಟ್ಟಿದ್ದೇವೆ. ಇನ್ನೂ ಐದು ಸೆಟ್ ಬೇಕು.